ಎದುರಾಳಿ ಅಭ್ಯರ್ಥಿಗೆ

ಇಚಿಕಾವಾ, ಜಪಾನ್
ಮಾರ್ಚ್ 10, 2026

ಶ್ರೀ ರಾಮಪ್ರಸಾದ ಅವರಿಗೆ ಕಾಮಾಕ್ಷಿಯ ನಮಸ್ಕಾರಗಳು.

ಹೆಸರು ಹಿಡಿದು ಬರೆದೆನೆಂದು ಬೇಸರ ಮಾಡಿಕೊಳ್ಳಬೇಡಿ. ಮದುವೆಯಾದಾಗಿನಿಂದ "ರೀ" ಎಂದೇ ಕರೆದಿದ್ದೇನೆ. ಎದುರಾಳಿ ಅಭ್ಯರ್ಥಿಯನ್ನು ಹಾಗೆ ಕರೆಯುವ ರೂಢಿ ನಮ್ಮ ಹೊಸೂರಿನ ಕಡೆ ಇಲ್ಲ. ಬರೆಯುವುದು ತಡವಾಯಿತು, ಕ್ಷಮಿಸಿ. ಫೋನಿನಲ್ಲಿ ಹೇಳೋಣವೆಂದರೆ ನೀವು ಸ್ಪೀಕರ್ ಹಾಕಿ ಸುತ್ತ ಕೂತ ಪಕ್ಷದವರಿಗೆಲ್ಲ ಕೇಳಿಸುತ್ತೀರಿ. ಅದಕ್ಕೇ ಕಾಗದ.

ಹರ್ಷಿಣಿ ಚೆನ್ನಾಗಿದ್ದಾಳೆ. ಚಿನ್ಮಯಿಗೆ ಮೂರು ತಿಂಗಳು ತುಂಬಿತು, ಈಗ ಕತ್ತು ನಿಂತಿದೆ. ಶನಿವಾರ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಅಳಿಯ ಸಂದೀಪ ಮೊಬೈಲು ತಂದು ತೋರಿಸಿದ. ನನ್ನ ಕ್ಷೇತ್ರಕ್ಕೆ ಪಕ್ಷದ ಅಭ್ಯರ್ಥಿ ನೀವು! ಪಟಾಕಿ, ತಮಟೆ, ನಡುವೆ ನೀವು, ಕತ್ತು ಕಾಣದಷ್ಟು ಹಾರ. ಮಗಳ ಬಾಣಂತನಕ್ಕೆಂದು ಬಂದ ಹೆಂಗಸಿನ ಸೀಟು, ಅವಳ ಕೈಯ ಎಣ್ಣೆ ಆರುವ ಮೊದಲೇ ಹೋಯಿತು.

ಈ ದಾರಿಗೆ ತಂದವರು ನೀವೇ, ಒಪ್ಪುತ್ತೇನೆ. ಪಂಚಾಯಿತಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದಾಗ, ಹೆಸರು ನಿನ್ನದಿರಲಿ, ಕೆಲಸ ನಾನು ನೋಡಿಕೊಳ್ಳುತ್ತೇನೆ ಎಂದಿರಿ. ಮೊದಲ ವರ್ಷ ನೀವು ಸಭೆ ನಡೆಸಿದಿರಿ, ಅಧ್ಯಕ್ಷೆ ಕಾಫಿ ಕೊಟ್ಟಳು. ಆಮೇಲೆ ನಾನು ತಮಿಳು ಓದಲು ಕಲಿತೆ, ಫೈಲು ಓದಿದೆ, ನಿಮಗೆ ಕೆಲಸ ಕಡಿಮೆಯಾಯಿತು. ಎರಡು ಸಲ ಶಾಸಕಿಯಾದೆ. ಚೆನ್ನೈನಲ್ಲಿ ವಿಧಾನಸಭೆಯೊಳಗೆ ನನ್ನ ತಮಿಳು ಕೇಳಿ ಹಿಂದಿನ ಸಾಲಿನವರು ನಕ್ಕಾಗ, ನಗಿ, ಆದರೆ ನಮ್ಮ ಗಡಿಯ ಕನ್ನಡ ಶಾಲೆಗಳಿಗೆ ಮೇಷ್ಟ್ರುಗಳನ್ನು ಕೊಟ್ಟು ನಗಿ ಎಂದು ಅದೇ ತಮಿಳಿನಲ್ಲಿ ಹೇಳಿದೆ. ಮೇಷ್ಟ್ರುಗಳು ಬಂದರು. ಆನೆ ತುಳಿದ ರಾಗಿಹೊಲಗಳಿಗೆ ಪರಿಹಾರವೂ ಬಂತು. ಅದನ್ನೆಲ್ಲ ಮಾಡಿಸಿದ್ದು ನೀವೆಂದು ಈಗ ಫ್ಲೆಕ್ಸ್ ಹಾಕಿಸಿದ್ದೀರಂತೆ. ಹಾಕಿಸಿ. ಓದುವವರು ಆ ಊರಿನವರೇ ತಾನೆ.

ನಿನ್ನೆ ಬೆಳಿಗ್ಗೆ ಇಲ್ಲಿನ ರೈಲು ನಿಲ್ದಾಣದ ಮುಂದೆ ಒಬ್ಬ ಹೆಂಗಸು ಮೈಕು ಹಿಡಿದು ಒಬ್ಬರೇ ನಿಂತಿದ್ದರು. ಆಫೀಸಿಗೆ ಓಡುವವರಿಗೆಲ್ಲ ಸೊಂಟ ಬಗ್ಗಿಸಿ ನಮಸ್ಕಾರ. ಯಾರೂ ತಿರುಗಿ ನೋಡಲಿಲ್ಲ. ನಗರಸಭೆಯ ಸದಸ್ಯೆ ಮೊರಿತಾ ಸಾನ್ ಎಂದು ಹರ್ಷಿಣಿ ಹೇಳಿದಳು. ಒಂದು ಹಾರವಿಲ್ಲ, ಜೈಕಾರವಿಲ್ಲ. ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಶಾಲು ಇರುತ್ತದಲ್ಲ, ಬಿಡಿಸಿ ಅವರ ಹೆಗಲಿಗೆ ಹೊದಿಸಿಯೇಬಿಟ್ಟೆ. ಅಭ್ಯಾಸಬಲ ನೋಡಿ, ಫೋಟೋಕ್ಕೆಂದು ಪಕ್ಕಕ್ಕೆ ತಿರುಗಿಯೂ ನಿಂತೆ.

ಪಾಪ, ಅವರ ಮುಖ ಬಿಳುಚಿಕೊಂಡಿತು. ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತ ಶಾಲನ್ನು ಮಡಿಸಿ ಎರಡೂ ಕೈಯಲ್ಲಿ ಹಿಂದಿರುಗಿಸಿದರು. ಹೊರದೇಶದವರಿಂದ ಏನಾದರೂ ತೆಗೆದುಕೊಂಡರೆ ಇಲ್ಲಿ ರಾಜಕಾರಣಿಗೆ ತೊಂದರೆಯಂತೆ. ಅವರ ಸ್ಥಾನಕ್ಕೇ ಸಂಚಕಾರ ತರ್ತೀಯಲ್ಲ ಎಂದು ಹರ್ಷಿಣಿ ನನ್ನನ್ನು ಗದರಿದಳು. ನಾನೂ ಶಾಸಕಿಯೆಂದು ಅವಳಿಂದಲೇ ಹೇಳಿಸಿದೆ. ಆಗ ಮೊರಿತಾ ಸಾನ್ ಮೈಕು ಕೆಳಗಿಟ್ಟು ಮಾತಿಗೆ ನಿಂತರು. ಅವರಿಗೆ ಪಕ್ಷವೇ ಇಲ್ಲವಂತೆ. ಎರಡು ಸಲ ಸೋತು ಆಮೇಲೆ ಗೆದ್ದರಂತೆ. ಮನೆಯಲ್ಲಿ ಒಪ್ಪಿದರೇ ಎಂದು ಕೇಳಿಸಿದೆ. ಅವರ ಉತ್ತರವನ್ನು ಕನ್ನಡಕ್ಕೆ ತರುವಾಗ ನಿಮ್ಮ ಮಗಳು ಕೊಂಚ ತಡವರಿಸಿದಳು.

"ಗಂಡ ನಂಗೆ ವೋಟ್ ಹಾಕ್ತಾರೋ ಇಲ್ವೋ ನಾನು ಕೇಳಿಲ್ಲ, ಅವರದ್ದು ಒಂದೇ ವೋಟ್ ತಾನೆ, ಅಂತಿದಾರೆ ಅಮ್ಮ."

ನಾನು ಅಲ್ಲೇ ತೀರ್ಮಾನ ಮಾಡಿದೆ. ಮುಂದಿನ ವಾರ ಬರುತ್ತೇನೆ, ಪಕ್ಷೇತರಳಾಗಿ ನಾಮಪತ್ರ ಸಲ್ಲಿಸುತ್ತೇನೆ. ಜಿಲ್ಲಾ ಕಾರ್ಯದರ್ಶಿ ಅನಂತಮೂರ್ತಿಗಳು ಪಕ್ಷದಿಂದ ಉಚ್ಚಾಟಿಸುವುದಾದರೆ ಉಚ್ಚಾಟಿಸಲಿ. ನನ್ನನ್ನು ಸೋಲಿಸುವುದಿದ್ದರೆ ಜನ ಸೋಲಿಸಲಿ, ನೀವು ಮನೆಯೊಳಗೇ ಎಣಿಕೆ ಮುಗಿಸಬೇಡಿ. ಮುಂದಿನ ಕೋಣೆ ನಿಮ್ಮ ಪಕ್ಷಕ್ಕಿರಲಿ, ಊಟದ ಮನೆ ನನ್ನ ಚುನಾವಣಾ ಕಚೇರಿ. ಮನೆ ಬಿಟ್ಟು ಹೋಗುವವಳು ನಾನಲ್ಲ.

ಬಿಪಿ ಮಾತ್ರೆ ತಪ್ಪಿಸಬೇಡಿ. ಪ್ರಚಾರಕ್ಕೆ ಬಿಸಿಲಲ್ಲಿ ಹೋಗುವಾಗ ಮಜ್ಜಿಗೆ ಒಯ್ಯಿರಿ. ದೇವರು ನಿಮಗೆ ಆಯುಸ್ಸು, ಆರೋಗ್ಯ ಎಲ್ಲವನ್ನೂ ಕೊಡಲಿ, ಗೆಲುವೊಂದನ್ನು ಬಿಟ್ಟು.

ಇಂತಿ,
ಕಾಮಾಕ್ಷಿ
(ಇನ್ನೂ ಶಾಸಕಿ)

ತಾ.ಕ.: ಸೀಟು ಹೋಯಿತೆಂದು ನಾನು ಅಳಲಿಲ್ಲ. ಅತ್ತದ್ದು ಅನಂತಮೂರ್ತಿಗಳಿಗೆ ಫೋನ್ ಮಾಡಿದ ಮೇಲೆ. ನನ್ನನ್ನು ಒಂದು ಮಾತೂ ಕೇಳದೆ ಹೇಗೆ ಬದಲಾಯಿಸಿದಿರಿ ಎಂದೆ. "ನಿಮಗೇ ಸಾಕಾಗಿದೆಯಂತಲ್ಲಮ್ಮ, ಮನೇಲಿ ಅತ್ತಿರಂತೆ. ಯಜಮಾನ್ರೇ ಬಂದು ಹೇಳಿದ್ರು" ಎಂದರು. ಹೌದು, ಅತ್ತಿದ್ದೆ. ಅಧಿವೇಶನ ಬಿಟ್ಟು ಬರಲಾಗದೆ, ತೀರಿಕೊಂಡ ಅಮ್ಮನ ಮುಖವನ್ನೂ ನೋಡಲಾಗದೆ ಮನೆಗೆ ಬಂದ ದಿನ, ಇದೆಲ್ಲ ಸಾಕಾಗಿದೆ ಎಂದು ನಿಮ್ಮ ಹೆಗಲಿಗೆ ತಲೆಯಿಟ್ಟು ಅತ್ತಿದ್ದೆ. ನಾನು ಹೇಳಿದ್ದು ನನ್ನ ಗಂಡನಿಗೆ. ಚುನಾವಣೆಯಲ್ಲಿ ಗೆಲ್ಲುತ್ತೇನೋ ಸೋಲುತ್ತೇನೋ, ಅದಿರಲಿ. ನಾಳೆ ಮತ್ತೆ ಸಾಕೆನಿಸಿದರೆ ಯಾರ ಹತ್ತಿರ ಹೇಳಿಕೊಳ್ಳಲಿ?