ಸದ್ದಿಲ್ಲದ ಲ್ಯಾಪ್‌ಟಾಪ್

ದೊಡ್ಡ ಬಾಯಿಯ ನನ್ನ ಮಗನಿಗೆ ಅಮ್ಮನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನಿನ್ನ ಮಗಳಿಗೆ, "ಒಳ್ಳೇದು ಬಿಟ್ಟು ಡಬ್ಬಾ ಆರಿಸ್ಕೊಂಡಿದ್ದೀಯಲ್ಲೇ, ಬುದ್ಧಿ ಇದೆಯಾ?" ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಇರುತ್ತಾಳೆ.

ರಿಪೇರಿ ಅಂಗಡಿಯವನು ಎರಡು ಹಳೇ ಲ್ಯಾಪ್‌ಟಾಪ್ ತಂದಿಟ್ಟಿದ್ದಾನೆ. ಒಂದನ್ನು ಬರುವ ವಾರ ವಾಪಸ್ ಕೊಡಬೇಕು. "ಪ್ರೊಸೆಸರ್ ಅಂದ್ರೆ ಇದರ ತಲೆ, ಅಜ್ಜಿ. ಇದಕ್ಕೆ ನಾಲ್ಕು ಕೋರು, ಅಂದ್ರೆ ನಾಲ್ಕು ತಲೆ ಇದ್ದ ಹಾಗೆ. ಅದಕ್ಕೆ ಎರಡೇ," ಎಂದ. ನಾಲ್ಕರದ್ದು ಪುಟ್ಟಿ ಆಫೀಸಿಗಾಗಿ ಬರೆಯುವ ಮನೆ ನಕ್ಷೆಗಳನ್ನು ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತದೆ. ಆದರೆ ಕಾದುಹೋಗಿ, ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಅರಚುತ್ತದೆ. ನಾಲ್ಕು ತಲೆ ಸೇರಿದ ಕಡೆ ಗದ್ದಲ ಇದ್ದದ್ದೇ. ಎರಡರದ್ದು ಗಬ್ಬದ ಎಮ್ಮೆಯಷ್ಟು ನಿಧಾನ, ಆದರೆ ತುಟಿ ಪಿಟಿಕ್ಕೆನ್ನುವುದಿಲ್ಲ. ಅದೇ ಸಾಕೆನ್ನುತ್ತಾಳೆ ಪುಟ್ಟಿ.

ಯಾಕೆ ಗೊತ್ತೇ? ನನ್ನ ಕಾಲು ಮುರಿದ ಮೇಲೆ ಅವಳ ಮೇಜು ನನ್ನ ಮಂಚದ ಪಕ್ಕಕ್ಕೇ ಬಂದಿದೆ. ಒಂದು ಮಧ್ಯಾಹ್ನ ಆ ಫ್ಯಾನಿನ ಸದ್ದಿಗೆ ನಾನು ಬೆಚ್ಚಿ ಎದ್ದೆ. ಅವಳು ಅದನ್ನು ಮುಚ್ಚಿ ಇನ್ನೊಂದನ್ನು ಎಳೆದುಕೊಂಡಳು. ಈಗ ನಕ್ಷೆ ತಡವಾಗುತ್ತಿದೆಯೆಂದು ಆಫೀಸಿನವರು ಗದರಿಸುತ್ತಿದ್ದಾರೆ. ಹೀಗೇ ಆದರೆ ಕೆಲಸಕ್ಕೇ ಸಂಚಕಾರ.

ಆದ್ದರಿಂದ ಒಂದು ಉಪಕಾರ ಮಾಡು. ಅಜ್ಜಿಗೆ ಕಿವಿ ಮಂದವಾಗಿದೆ, ನಾಲ್ಕರದ್ದನ್ನೇ ಇಟ್ಟುಕೋ ಎಂದು ಅವಳಿಗೆ ನೀನೇ ಹೇಳು. ನಾನು ಹೇಳಿದರೆ ನಂಬುವುದಿಲ್ಲ, ಸಕ್ಕರೆ ಡಬ್ಬಿಯ ಮುಚ್ಚಳ ಅಲ್ಲಾಡಿದರೂ "ಯಾರದು?" ಎನ್ನುವವಳು ನಾನು.

ಇನ್ನು ಮೇಲೆ ಫೋನಿನಲ್ಲಿ ನನ್ನ ಜೊತೆ ಸ್ವಲ್ಪ ಜೋರಾಗಿ ಮಾತಾಡು, ಅವಳಿಗೂ ಕೇಳಿಸಲಿ.

ಕಿವುಡಿಯಾಗಲು ಒಪ್ಪಿರುವ
ನಿನ್ನ ಅಮ್ಮ