ಮನೆಗೆ ಗೊತ್ತಾಗುವ ಮೊದಲು

ಮಾನ್ಯ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರೇ,

'ದುಃಖಕ್ಕೆ ಯಾರೂ ದಾರಿ ತೋರಿಸಬೇಕಿಲ್ಲ, ಅದಕ್ಕೆ ಮನೆ ಗೊತ್ತಿರುತ್ತದೆ.' ಇಂಥದೊಂದು ಸಾಲನ್ನು ವಿದ್ಯಾರ್ಥಿನಿಯಾಗಿದ್ದಾಗ ಎಲ್ಲೋ ಓದಿದ ನೆನಪು. 'ಮನೆ' ಎಂದಿತ್ತೋ 'ಬಾಗಿಲು' ಎಂದಿತ್ತೋ ಈಗ ಖಚಿತವಿಲ್ಲ. ಬರೆದವರ ಹೆಸರೂ ಮರೆತಿದೆ. ಆಗ ಅದು ನಿಜವೆನಿಸಿತ್ತು. ಈಗ ಅನುಮಾನ. ನಮ್ಮ ಮನೆ ದುಃಖಕ್ಕೆ ಗೊತ್ತಿರಲಿಲ್ಲ. ನಿಮ್ಮ ವಿಭಾಗವೇ ನನ್ನ ತಾಯಿಯ ಫೋನ್ ಸಂಖ್ಯೆ ಕೊಟ್ಟು ಅದನ್ನು ಕಳುಹಿಸಿತು. ನನ್ನ ತಮ್ಮ ತೀರಿಕೊಂಡ ಸುದ್ದಿಯನ್ನು ಕುಟುಂಬದ ಹಿರಿಯರು ಬಂದು ಹೇಳುವ ಮೊದಲೇ, ನಮ್ಮ ಕಚೇರಿಯ ಚಾಟ್‌ನಲ್ಲಿ ನೀವು ಕೂರಿಸಿರುವ ಯಂತ್ರವು ನನ್ನ ತಾಯಿಗೆ ಸಂತಾಪ ಸೂಚಿಸಿತು. ನನ್ನ ದೂರು ಇಷ್ಟೇ. ಉಳಿದದ್ದು ವಿವರ.

ಈ ವಿವರವನ್ನು ಮೊದಲು ಕ್ರಮಪ್ರಕಾರ ಕಚೇರಿಯ ಚಾಟ್‌ನಲ್ಲೇ, ಸಿಬ್ಬಂದಿಯ ದೂರುಗಳಿಗೆಂದು ತೆರೆದ ಕೋಣೆಯಲ್ಲಿ ಬರೆದಿದ್ದೆ. ಸ್ವಲ್ಪ ಉದ್ದವಾಗಿತ್ತು. ತಮ್ಮ ಸಮಯ ಉಳಿಸಲೆಂದು ಯಂತ್ರ ಅದನ್ನು ಒಂದು ಸಾಲಿಗೆ ಇಳಿಸಿತು: 'ಸಿಬ್ಬಂದಿಗೆ ಆಪ್ತರ ವಿಯೋಗವಾಗಿದೆ, ರಜೆ ಸೂಚಿಸಬಹುದು.' ತಾವು ಅದರ ಕೆಳಗೆ ಒಂದು ಹೃದಯದ ಚಿತ್ರ ಒತ್ತಿದಿರಿ. ಆ ಹೃದಯಕ್ಕೆ ನಾನು ಕೃತಜ್ಞಳು. ಆದರೂ ಯಾರೂ ಸಂಕ್ಷೇಪಿಸಲಾರದ ಕಡೆ ಒಮ್ಮೆ ಬರೆಯೋಣವೆನಿಸಿ ಈ ಪತ್ರಿಕೆಯ ಸಂಪಾದಕರಲ್ಲಿ ಜಾಗ ಕೇಳಿಕೊಂಡೆ.

ನಾನು ನಿಮ್ಮ ವಿಮಾ ಕಂಪನಿಯ ಕುಮಾಸಿ ಶಾಖೆಯವಳು. ಮರಣ ಪರಿಹಾರದ ಮೇಜು ನನ್ನದು. ವಿಮೆ ಮಾಡಿಸಿದವರು ತೀರಿಕೊಂಡರೆ ಆಸ್ಪತ್ರೆಯಿಂದ ಕಾಗದ ಬರುತ್ತದೆ. ನಾವು ಅವರ ಮನೆಯವರಿಗೆ ಸಂತಾಪ ತಿಳಿಸಿ ಮುಂದಿನ ಕೆಲಸ ಶುರುಮಾಡಬೇಕು. ಈ ಮೇಜಿಗೆ ಎಲ್ಲೂ ಬರೆದಿಡದ ಒಂದು ನಿಯಮವಿತ್ತು. ಕಾಗದ ಬಂದ ಕೂಡಲೇ ಮನೆಯವರಿಗೆ ಬರೆಯಬಾರದು. ಮೊದಲು ಕುಟುಂಬದ ಯಜಮಾನನಿಗೆ ಫೋನ್ ಮಾಡಬೇಕು. ಕ್ಷೇಮ ಕೇಳಿ, ಆಮೇಲೆ ಮೆಲ್ಲಗೆ ಒಂದು ಮಾತು ಕೇಳಬೇಕು: "ಮನೆಗೆ ಗೊತ್ತಾಗಿದೆಯಾ?" ಎಷ್ಟೋ ಸಲ ಉತ್ತರ 'ಇಲ್ಲ' ಎಂದೇ ಇರುತ್ತಿತ್ತು. ಒಬ್ಬ ಹಿರಿಯರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ದೊಡ್ಡಕ್ಕ ಒಬ್ಳು ಊರಿಂದ ಬರ್ಬೇಕು ಮಗಳೇ. ಅವಳು ಬಂದು ಕೂತ್ಮೇಲೆ ಹೇಳ್ತೀವಿ. ಅಲ್ಲೀವರ್ಗೂ ನಿಮ್ಮ ಕಾಗ್ದ ನಿದ್ದೆ ಮಾಡ್ಲಿ ಬಿಡು." ಕಾಗದ ನಿದ್ದೆ ಮಾಡುತ್ತಿತ್ತು. ಮನೆಗೆ ಗೊತ್ತಾಗಿದೆ ಎಂದು ಅವರೇ ಫೋನ್ ಮಾಡಿದ ಮೇಲೆ ನಾನು ಪತ್ರ ಬರೆಯುತ್ತಿದ್ದೆ. ಸಾಹಿತ್ಯದ ಸ್ನಾತಕೋತ್ತರ ಪದವಿಗೆ ಈ ಕಂಪನಿಯಲ್ಲಿ ಸಿಕ್ಕ ಉಪಯೋಗ ಅದೊಂದೇ.

ಆಮೇಲೆ ತಾವು ಅಕ್ರಾದಿಂದ ಬಂದಿರಿ. ಗ್ರಾಹಕರ ಮಾಹಿತಿಯನ್ನು ಹುಡುಕಿಕೊಂಡು ಇನ್ನು ನಾವು ಎಲ್ಲಿಗೂ ಹೋಗಬೇಕಿಲ್ಲ, ನಾವು ಮಾತಾಡುವ ಜಾಗಕ್ಕೆ ಅದೇ ಬರುತ್ತದೆ ಎಂದಿರಿ. ಬಂತು. ಮಧ್ಯಾಹ್ನದ ವಾಚೆ ಅನ್ನ ಯಾರು ತರಿಸುತ್ತಾರೆಂದು ನಾವು ಜಗಳವಾಡುವ ಅದೇ ಚಾಟ್‌ಗೆ ಜನರ ಹೆಸರು, ಕಾಯಿಲೆ, ಆಸ್ಪತ್ರೆ, ತಾಯಿಯ ಫೋನ್ ಸಂಖ್ಯೆ ಎಲ್ಲವೂ ಬಂದು ಕೂತವು. ಜೊತೆಗೆ ಕೃತಕ ಬುದ್ಧಿಯ ಸಹಾಯಕ. ಕಡತವನ್ನು ಅದೇ ಓದುತ್ತದೆ, ಉತ್ತರವನ್ನು ಅದೇ ಬರೆಯುತ್ತದೆ, ನಾವು 'ಕಳುಹಿಸು' ಎಂದು ಒತ್ತಿದರೆ ಸಾಕು. ಅದಕ್ಕೆ ಧಾಟಿ ಕಲಿಸಲು ನನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದುಕೊಂಡಿರಿ. ಅಂದಿನ ಸಭೆಯಲ್ಲಿ ನಾನು ಎದ್ದು, "ಮನೆಗೆ ಗೊತ್ತಾಗಿದೆಯಾ ಅಂತ ಇದು ಕೇಳುತ್ತಾ?" ಎಂದಿದ್ದೆ. ತಾವು ನಕ್ಕು, "ಒಳ್ಳೇ ಪ್ರಶ್ನೆ. ಎರಡನೇ ಹಂತದಲ್ಲಿ ನೋಡೋಣ," ಎಂದಿರಿ. ಎರಡನೇ ಹಂತ ಯಾವಾಗ ಎಂದು ನಾನು ಮತ್ತೆ ಕೇಳಲಿಲ್ಲ. ನನ್ನ ತಮ್ಮ ಮೊದಲನೇ ಹಂತದಲ್ಲೇ ಸತ್ತ.

ಅನ್ಯಾಯವಾಗಿ ಮಾತಾಡಬಾರದು. ಆ ಯಂತ್ರದಿಂದ ಉಪಕಾರವೂ ಆಗಿದೆ. ಮೊದಲು ಒಬುಆಸಿಯ ಒಬ್ಬ ವಿಧವೆ ತನ್ನ ಗಂಡನ ಕೊನೆಯ ವಾರದ ಕತೆಯನ್ನು ನಮ್ಮ ಒಬ್ಬೊಬ್ಬ ಗುಮಾಸ್ತನಿಗೂ ಮೊದಲಿಂದ ಹೇಳಬೇಕಿತ್ತು. ಈಗ ಹಾಗಿಲ್ಲ. ನಾವೂ ಅದನ್ನು ಸಲಿಗೆಯಿಂದಲೇ ಕಂಡೆವು. 'ಅಬ್ರಾಂಟಿಯೆ' ಎಂದು ಹೆಸರಿಟ್ಟೆವು, ಅಂದರೆ ಹರೆಯದ ಹುಡುಗ. ನನ್ನ ಎದುರಿನ ಮೇಜಿನ ಓಫೋಸು ದಿನಾ ಏನಾದರೊಂದು ಹೇಳುವನು: "ಈ ಅಬ್ರಾಂಟಿಯೆಗೊಂದು ಹೆಣ್ಣು ನೋಡ್ಬೇಕು ಮೇಡಂ. ಊಟಕ್ಕೆ ಏಳಲ್ಲ, ಸಂಬಳ ಕೇಳಲ್ಲ. ಇಂಥ ಅಳಿಯ ಯಾರಿಗೆ ಸಿಗ್ತಾನೆ?" ನಮ್ಮಲ್ಲಿ ಅಂತ್ಯಕ್ರಿಯೆಗಳೆಲ್ಲ ಶನಿವಾರ. ಪಕ್ಕದ ಸೆರ್ವಾ ತಲೆ ಎತ್ತದೆಯೇ ಅನ್ನುವಳು: "ಶನಿವಾರ ಸಾವಿನ ಮನೆಗೆ ಬರ್ತಾನಾ ಕೇಳು. ಬರಲ್ಲ ಅಂದ್ರೆ ಅವನ್ಯಾವ ಸೀಮೆ ಅಳಿಯ?"

ಆ ದಿನ ಬೆಳಗ್ಗೆ ಸೆರ್ವಾ ಊಟಕ್ಕೆ ಯಾರು ಯಾರು ಎಂದು ಚಾಟ್‌ನಲ್ಲಿ ಕೇಳಿದ್ದಳು. ಅದರ ಕೆಳಗೆ ಅಬ್ರಾಂಟಿಯೆ ಒಂದು ಕಡತ ತಂದಿಟ್ಟಿತು. ಗ್ರಾಹಕನ ಹೆಸರು: ಯಾ ಬೊಆಡಿ. ತಮಾಲೆಯ ಆಸ್ಪತ್ರೆ. ಸ್ಥಿತಿ: ಮೃತ. ಕುಟುಂಬದ ಸಂಪರ್ಕ: ತಾಯಿ. 'ಸಂತಾಪ ಸಂದೇಶ ಸಿದ್ಧವಿದೆ. ಕಳುಹಿಸಲೇ?' ಅದರ ಕೆಳಗೆ ಇಬ್ಬರು ಊಟಕ್ಕೆ ಕೈ ಎತ್ತಿದ್ದರು. ಯಾವ ತಂಡ ಎಷ್ಟು ಬೇಗ ಉತ್ತರಿಸಿತು ಎಂಬುದನ್ನು ತಾವು ಚಾಟ್‌ನ ನೆತ್ತಿಯ ಮೇಲೆಯೇ ತೋರಿಸುವುದರಿಂದ, ಓಫೋಸು ಎಂದಿನಂತೆ ತಡಮಾಡದೆ ಒತ್ತಿದ. ನಾನು ಹೆಸರು ಓದಿದ್ದು ಆಮೇಲೆ. ಅದೇ ಹೆಸರಿನವರು ಇನ್ನೊಬ್ಬರಿರಬಹುದು ಅಂದುಕೊಂಡೆ. ಫೋನ್ ಸಂಖ್ಯೆ ನೋಡಿದೆ. ಅದು ನನಗೆ ಬಾಯಿಪಾಠ.

"ಓಫೋಸು, ಅದನ್ನ ವಾಪಸ್ ತಗೊಳಕ್ಕಾಗತ್ತಾ?"

"ಯಾವ್ದು ಮೇಡಂ?"

"ಈಗ ಕಳ್ಸಿದ್ಯಲ್ಲ, ಅದು."

"ಹೋಗೇ ಹೋಯ್ತಲ್ಲ. ಯಾಕೆ, ಅಕ್ಷರ ತಪ್ಪಿತ್ತಾ?"

"ಇಲ್ಲ. ಅಕ್ಷರ ಎಲ್ಲ ಸರಿ ಇದೆ."

ನಿಜಕ್ಕೂ ಸರಿ ಇತ್ತು. ಇಂಗ್ಲಿಷ್ ಚೊಕ್ಕವಾಗಿತ್ತು. ಎರಡನೆಯ ವಾಕ್ಯವಂತೂ ನನ್ನದೇ. ದುಃಖಕ್ಕೆ ಮನೆ ಗೊತ್ತಿರುತ್ತದೆ ಎಂಬ ಆ ಸಾಲನ್ನು ನಾನು ಹಿಂದೆ ಯಾವುದೋ ಪತ್ರದಲ್ಲಿ ಬಳಸಿದ್ದೆ. ಅದು ಕಲಿತುಕೊಂಡಿತ್ತು.

ಚೀಲ ತೆಗೆದುಕೊಂಡು ಮೆಟ್ಟಿಲಿಳಿಯುತ್ತಾ ಸೋದರಮಾವನಿಗೆ ಫೋನ್ ಮಾಡಿದೆ. ನಮ್ಮ ಕುಟುಂಬದ ಯಜಮಾನ ಅವರೇ. ಬೊಆಡಿಯ ಹೆಂಡತಿ ಬೆಳಗಿನ ಜಾವವೇ ಅವರಿಗೆ ತಿಳಿಸಿದ್ದಳು. ಹಾಗೆಯೇ ಆಗಬೇಕಾದದ್ದು. ಇಬ್ಬರು ಹಿರಿಯರನ್ನು ಕೂಡಿಸಿಕೊಂಡು ಸಂಜೆ ನಮ್ಮ ಮನೆಗೆ ಬರುವುದೆಂದು ಅವರು ನಿಶ್ಚಯಿಸಿದ್ದರು. ನನಗೂ ಸಂಜೆಯೇ ತಿಳಿಯಬೇಕಿತ್ತು.

"ಮಾವ, ಬೊಆಡಿ ವಿಷ್ಯ..."

"ಯಾರು ಹೇಳಿದ್ರು ನಿಂಗೆ?"

"ಆಫೀಸಲ್ಲಿ ಬಂತು."

"ಆಫೀಸಿಗೆ ಯಾರು ಹೇಳಿದ್ರು? ನಮ್ಮ ಹಿರೀಕರಿಗೇ ನಾನಿನ್ನೂ ಪೂರ್ತಿ ಹೇಳಿ ಮುಗ್ಸಿಲ್ಲ."

ಅಮ್ಮನ ಫೋನಿಗೂ ಹೋಗಿದೆ ಎಂದೆ. ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಮನೆಗೆ ನಡಿ. ಅವಳ ಮುಂದೆ ಅಳ್ಬೇಡ. ನಾವು ಬರೋವರ್ಗೂ ಅಲ್ಲಿ ಏನೂ ಆಗಿಲ್ಲ."

ಅಳುವ ಸ್ಥಿತಿಯಲ್ಲೇ ನಾನಿರಲಿಲ್ಲ. ನಮ್ಮ ಹಳೆ ತಾಫೋ ಬಡಾವಣೆಗೆ ಹೋಗುವ ಟ್ರೋಟ್ರೋ ವ್ಯಾನು ಕೆಜೆಟಿಯಾ ನಿಲ್ದಾಣದಲ್ಲಿ ನಿಂತೇ ಇತ್ತು. ಪಕ್ಕದವಳ ಬಾಳೆಗೊನೆ ನನ್ನ ಮೊಣಕಾಲಿಗೆ ಒತ್ತುತ್ತಿತ್ತು, ಅದನ್ನು ಸರಿಸಬೇಕೆಂದೂ ಹೊಳೆಯಲಿಲ್ಲ. ನನ್ನ ತಾಯಿಗೆ ಇಂಗ್ಲಿಷ್ ಓದಲು ಬಾರದು. ಅವಳಿಗೆ ಬರುವ ಸಂದೇಶಗಳನ್ನೆಲ್ಲ ಓದಿ ಹೇಳುವವಳು ನಮ್ಮದೇ ಅಂಗಳದ ಎದುರು ಕೋಣೆಯ ಆಂಟಿ ಕೊರ್ಲೆ. ಅಕ್ರಾ ಕಡೆಯ ಗಾ ಜನದವಳು, ಬಟ್ಟೆ ವ್ಯಾಪಾರ, ಮದುವೆಯಾಗಿ ಕುಮಾಸಿಗೆ ಬಂದವಳು ಇಲ್ಲೇ ಉಳಿದಳು. ಅವಳಿಗೆ ಬಾಯಿ ಕಟ್ಟಿ ಗೊತ್ತಿಲ್ಲ. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಅವಳ ಆ ಬಾಯನ್ನೇ.

ನಾನು ಹೋದಾಗ ಇಬ್ಬರೂ ಅಂಗಳದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅಮ್ಮನ ಫೋನು ಕೊರ್ಲೆಯ ತೊಡೆಯ ಕೆಳಗಿತ್ತು.

"ಇಷ್ಟು ಬೇಗ ಬಂದ್ಯಾ? ಕೆಲ್ಸದಿಂದ ಓಡ್ಸಿದ್ರಾ?" ಎಂದು ಕೊರ್ಲೆ ಅಮ್ಮನಿಗೆ ಕೇಳಿಸುವ ಹಾಗೆ ನನ್ನನ್ನು ಛೇಡಿಸಿ, ನೀರು ತರುವ ನೆಪದಲ್ಲಿ ಒಲೆಮನೆಗೆ ಬಂದಳು. "ಓದ್ದೆ ಕಣೇ. ಫೋನ್ ಕಂಪ್ನಿ ಜಾಹೀರಾತು, ಕಾಸು ಹಾಕ್ಸಿದ್ರೆ ಮೇಲಿಷ್ಟು ಕೊಡ್ತಾರಂತೆ ಅಂದ್ಬಿಟ್ಟೆ. ನಿಮ್ಮ ಅಸಾಂಟೆ ಜನಕ್ಕೆ ಸಾಯೋಕೂ ಒಂದು ಸಭೆ ಬೇಕು ಅಂತ ನಗಾಡ್ತಿದ್ದೆ ನಾನು. ಆ ಸಭೆ ಬರೋವರ್ಗೂ ಇಲ್ಲಿಂದ ಏಳಲ್ಲ, ನೋಡ್ತಿರು." ಏಳಲಿಲ್ಲ. ಅಂದು ಅವಳ ಅಂಗಡಿ ತೆರೆಯಲಿಲ್ಲ.

ಸಂಜೆ ಮಾವ ಬಂದರು, ಜೊತೆಗಿಬ್ಬರು. ನಾನು ನೀರು ಕೊಟ್ಟೆ. ಕುಡಿದರು. ಮನೆಯ ಹಿರಿಯಳಾಗಿ ಅಮ್ಮ ಕೇಳಬೇಕಾದ್ದನ್ನು ಕೇಳಿದಳು: "ನಮ್ಮ ಕಡೆ ಎಲ್ಲ ತಂಪು. ದಾರಿ ನಡ್ದು ಬಂದೋರು ನೀವು. ಏನು ಬಂದ್ರಿ?" ಮಾವ ಹೇಳಿದರು. ಎಷ್ಟು ನಿಧಾನವಾಗಿ ಹೇಳಿದರೆಂದರೆ, ಕೊನೆಯ ಮಾತು ಬರುವ ಹೊತ್ತಿಗೆ ಅದಕ್ಕೊಂದು ಜಾಗ ಆಗಿತ್ತು. ಅಮ್ಮ ತಲೆಯಾಡಿಸಿದಳು. ಅಳಲಿಲ್ಲ. ಬಹಳ ಹೊತ್ತು ಕೂತಿದ್ದು ಅವರೆಲ್ಲ ಹೋದ ಮೇಲೆ ನನ್ನನ್ನು ಕರೆದಳು.

"ಕೊರ್ಲೆಗೆ ಸುಳ್ಳು ಹೇಳಕ್ಕೆ ಬರಲ್ಲ ಕಣೇ. ಜಾಹೀರಾತು ಅಂದ್ಲು, ಫೋನ್ ಮಾತ್ರ ವಾಪಸ್ ಕೊಡ್ಲಿಲ್ಲ. ಆಮೇಲೆ ನೀನು ಬಂದೆ, ಹೊತ್ತಲ್ಲದ ಹೊತ್ತಲ್ಲಿ. ನಂಗೆ ಗೊತ್ತಾಯ್ತು. ಆದ್ರೆ ಹೆಂಗಳಲಿ? ನಂಗಿನ್ನೂ ಯಾರೂ ಹೇಳಿರ್ಲಿಲ್ವಲ್ಲ."

ಮಾನ್ಯರೇ, ಈ ವಾಕ್ಯವನ್ನು ತಮ್ಮ ಯಂತ್ರಕ್ಕೆ ಕೊಟ್ಟು ನೋಡಿ. ಅದೇನೆಂದು ಸಂಕ್ಷೇಪಿಸುತ್ತದೋ ತಿಳಿಯುವ ಕುತೂಹಲ ನನಗಿದೆ. ನಮ್ಮಲ್ಲಿ ಹಿರಿಯರು ಹೇಳುವ ಮೊದಲು ಸತ್ತವರಿಗಾಗಿ ಅತ್ತರೆ ಅದು ತಪ್ಪು. ತಾಯಿಯಾದರೂ ತಪ್ಪು. ಇದು ಹಳೆಯ ಕಾಲದ ಕಟ್ಟಳೆ, ಅರ್ಧ ದಿನ ಹೆಚ್ಚುಕಮ್ಮಿಯಾದರೆ ಏನಂತೆ ಎಂದು ತಾವು ಕೇಳಬಹುದು. ಆದರೆ ಆ ಕಟ್ಟಳೆ ಏಕಿದೆ ಎಂದು ಎಂದಾದರೂ ಯೋಚಿಸಿದ್ದೀರಾ? ಸುದ್ದಿ ಕೇಳಿದವಳು ಬಿದ್ದರೆ ಹಿಡಿಯಲು ಕೈಗಳು ಬೇಕು. ಹೇಳಿದವರು ಹೇಳಿದ ಮೇಲೆ ಎದ್ದು ಹೋಗದೆ ಅಲ್ಲೇ ಕೂತಿರಬೇಕು. ಉತ್ತರಿಸಿದ ಮರುಗಳಿಗೆ ಮುಂದಿನ ಕಡತ ತೆರೆಯುವ ಒಂದು ವಸ್ತುವಿಗೆ ಈ ಕೆಲಸ ವಹಿಸಿದ್ದು ಯಾರ ಬುದ್ಧಿ? ಅದಂತೂ ಕೃತಕ ಬುದ್ಧಿಯಲ್ಲ.

ಅಂದು ತಡೆದ ಅಳು ಮತ್ತೆ ಬರಲಿಲ್ಲ. ಅಂತ್ಯಕ್ರಿಯೆಯ ಶನಿವಾರ ಶೋಕದ ಕೆಂಪು ಬಟ್ಟೆ ಉಟ್ಟ ಹೆಂಗಸರೆಲ್ಲ ಗೋಳಿಡುತ್ತಿದ್ದರೆ ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. "ಹೆತ್ತ ಮಗ ಸತ್ರೂ ಕಣ್ಣು ಒದ್ದೆ ಆಗಿಲ್ಲ ನೋಡು," ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಅವಳಿಗೂ ಕೇಳಿಸಿತು. ಅಂದಿನಿಂದ ಅವಳು ಉಣ್ಣುತ್ತಾಳೆ, ಮಲಗುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಒಂದು ಸಲ ಮಾತ್ರ, "ಅದು ಎಲ್ಲಿ ಸಿಕ್ಕೊಂಡಿದ್ಯೋ ಏನೋ," ಎಂದು ಎದೆ ಮುಟ್ಟಿಕೊಂಡಳು. ನಾನೂ ಹೆಚ್ಚುಕಡಿಮೆ ಹಾಗೆಯೇ ಇದ್ದೇನೆ. ಈ ಪತ್ರದಲ್ಲಿ ಸಿಟ್ಟು ಸಾಲದೆಂದು ತಮಗೆ ಅನಿಸಿದರೆ ಕಾರಣ ಅದು.

ತಮ್ಮ ಲಿಖಿತ ಉತ್ತರ ತಲುಪಿದೆ. 'ವ್ಯವಸ್ಥೆಯು ನಿರೀಕ್ಷೆಯಂತೆಯೇ ಕೆಲಸ ಮಾಡಿದೆ' ಎಂದು ಅದರಲ್ಲಿದೆ. ಒಪ್ಪುತ್ತೇನೆ. ನಿರೀಕ್ಷೆ ಯಾರದ್ದು ಎಂಬುದಷ್ಟೇ ಪ್ರಶ್ನೆ. ಓಫೋಸುಗೆ ಎಚ್ಚರಿಕೆಯ ಪತ್ರ ಕೊಟ್ಟಿದ್ದೀರಿ, ಗುಂಡಿ ಒತ್ತಿದ ಮನುಷ್ಯ ಅವನಾದ್ದರಿಂದ. ಅವನು ಆ ಶನಿವಾರ ನಮ್ಮ ಮನೆಗೆ ಬಂದು, ಒಳಗೆ ಬರಲು ನಾಚಿ, ಬಂದವರಿಗೆಂದು ನೆಟ್ಟ ಕೊಡೆಗಳ ನೆರಳಿನಾಚೆ ಬಿಸಿಲಿನಲ್ಲಿ ನಿಂತಿದ್ದ. "ನಾನು ಹೆಸರು ನೋಡ್ಲಿಲ್ಲ ಮೇಡಂ. ನೋಡಕ್ಕೆ ಹೊತ್ತಿರ್ಲಿಲ್ಲ," ಎಂದ. ಹೊತ್ತು ಇಲ್ಲದಂತೆ ಮಾಡಿದವರು ಯಾರೂ ಬಂದಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಸಾವಿನ ಕಡತ ಬಂದಾಗ ನಿಮ್ಮ ಯಂತ್ರ ಬಾಯಿ ಮುಚ್ಚಿಕೊಂಡಿರಲಿ. ಅದನ್ನು ಊಟದ ಮಾತಿನ ನಡುವೆ ಎಲ್ಲರೆದುರು ತಂದಿಡದೆ ಒಬ್ಬ ಮನುಷ್ಯನ ಮೇಜಿಗೆ ಕೊಡಲಿ. ಆ ಮನುಷ್ಯ ಫೋನ್ ಮಾಡಿ, ಮನೆಗೆ ಗೊತ್ತಾಗಿದೆ ಎಂದು ಕುಟುಂಬದವರ ಬಾಯಿಂದ ಕೇಳುವವರೆಗೆ ಒಂದಕ್ಷರವೂ ಹೊರಗೆ ಹೋಗಬಾರದು. ಅದರಿಂದ ನಮ್ಮ ತಂಡ ನಿಧಾನವೆಂದು ಕಂಡರೆ ಕಾಣಲಿ. ಓಫೋಸುವಿನ ಎಚ್ಚರಿಕೆ ಪತ್ರವನ್ನು ಹಿಂತೆಗೆದುಕೊಳ್ಳಿ. ನನ್ನ ಹಳೆಯ ಪತ್ರಗಳನ್ನು ಅದರ ಪಾಠದಿಂದ ತೆಗೆದುಹಾಕಿ. ಎಲ್ಲಕ್ಕಿಂತ ಮೊದಲು, ನನ್ನ ತಾಯಿಯ ಫೋನ್ ಸಂಖ್ಯೆಯನ್ನು ಅಳಿಸಿ. ಈ ಕೊನೆಯದನ್ನು ಆಗಲೇ ಎರಡು ಬಾರಿ ಕೇಳಿದ್ದೇನೆ. 'ನಿಮ್ಮ ಕೋರಿಕೆ ದಾಖಲಾಗಿದೆ' ಎಂದು ಅಬ್ರಾಂಟಿಯೆ ಎರಡು ಬಾರಿಯೂ ವಿನಯದಿಂದ ಉತ್ತರಿಸಿದೆ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಆಂಟಿ ಕೊರ್ಲೆ ಬಾಗಿಲಿಗೆ ಬಂದಳು. ಕೈಯಲ್ಲಿ ಅಮ್ಮನ ಫೋನು. ನಮ್ಮ ಕಂಪನಿಯದೇ ಸಂದೇಶ: ಇತ್ತೀಚೆಗೆ ನಾವು ನಿಮಗೆ ನೀಡಿದ ಸೇವೆ ಹೇಗಿತ್ತು, ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುವಿರಿ? ಒಳಗೆ ಅಮ್ಮ, "ಏನಂತೆ ಕೊರ್ಲೆ?" ಎಂದು ಕೇಳುತ್ತಿದ್ದಳು. ಕೊರ್ಲೆ ಹೊಸ್ತಿಲು ದಾಟಲಿಲ್ಲ. ಫೋನನ್ನು ನನ್ನ ಕೈಗಿಟ್ಟು ಅಂದಳು: "ನನ್ನ ಹತ್ರ ಇದ್ದಿದ್ದು ಒಂದೇ ಸುಳ್ಳು, ಅದು ಆವತ್ತೇ ಖರ್ಚಾಯ್ತು. ಇದನ್ನ ನೀನೇ ಓದಿ ಹೇಳು."

ಇಂತಿ,
ತಮ್ಮ ಚಾಟ್‌ನಲ್ಲಿ 'ಸದ್ಯ ಲಭ್ಯವಿಲ್ಲ' ಎಂದು ಕಾಣಿಸುತ್ತಿರುವ
ಕೊನಾಡು
ಮರಣ ಪರಿಹಾರದ ಮೇಜು, ಕುಮಾಸಿ