ಉಂಬುರಾನ ಮರದ ಕಣ್ಣು

ಲಾಗೋವಾ ಸೇಕಾ, ಸಿಯಾರಾ
೨೦ ಫೆಬ್ರವರಿ ೧೯೫೫

ಪ್ರೀತಿಯ ಬೆಲಾರ್ಮಿನೊ ಭಾವನವರಿಗೆ,

ನಿಮ್ಮ ತಂಗಿಯ ಗಂಡ ಒನೊರಾಟೊನ ನಮಸ್ಕಾರಗಳು. ನಿಮ್ಮ ಎರಡು ಪತ್ರಗಳೂ ತಲುಪಿವೆ. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು, ಬರೆಯಲಿಲ್ಲ. ಬೈಯಬೇಡಿ. ಬಿಡುವಿರಲಿಲ್ಲ ಎಂದು ಬರೆದುಬಿಡಬಹುದಿತ್ತು. ಆದರೆ ಈ ಮನೆಯಲ್ಲಿ ಸುಳ್ಳು ಈಗಾಗಲೇ ಸಾಕಷ್ಟಾಗಿದೆ, ಇನ್ನೊಂದನ್ನು ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ.

ನಿಮ್ಮ ತಂಗಿ ಫಿಲೊಮೆನಾ ತೀರಿಕೊಂಡ ಸುದ್ದಿಯನ್ನು ಟ್ರಕ್ಕಿನವನ ಹತ್ತಿರ ಹೇಳಿ ಕಳಿಸಿದ್ದೆ. ಅವನು ಸಾವಿನ ಸುದ್ದಿಯ ಜೊತೆಗೆ ಪವಾಡದ ಸುದ್ದಿಯನ್ನೂ ಸಾವೊಪಾವ್ಲೊವರೆಗೆ ಹೊತ್ತೊಯ್ದಿದ್ದಾನೆ. ನಮ್ಮ ಮಗಳು ಅಲ್ಜೀರಾಗೆ ಮತ್ತೆ ಕಣ್ಣು ಬಂತೆಂದು ನೀವು ಜೊತೆಯ ಗಾರೆಯವರಿಗೆಲ್ಲ ಕಾಫಿ ಕುಡಿಸಿದ್ದೀರಿ. ಅವಳ ಧರ್ಮಪಿತರಾದ ನಿಮಗೆ ಅವಳ ಕೈಬರಹದಲ್ಲೇ ನಾಲ್ಕು ಸಾಲು ಬರಲಿ ಎಂದು ಕೇಳಿದ್ದೀರಿ. ನಿಮ್ಮ ಪಕ್ಕದ ಕೋಣೆಯವನ ಹೆಂಡತಿ ಕಣ್ಣಿಲ್ಲದ ತನ್ನ ತಾಯಿಯನ್ನು ಇಲ್ಲಿಗೆ ಕರೆತರಲು ಹೊರಟಿದ್ದಾಳೆಂದೂ ಬರೆದಿದ್ದೀರಿ. ಮೊದಲು ಅವಳನ್ನು ತಡೆಯಿರಿ ಭಾವ. ಆ ಮುದುಕಿಯನ್ನು ಅಷ್ಟು ದೂರ ಟ್ರಕ್ಕಿನ ಹಲಗೆಯ ಮೇಲೆ ಕುಲುಕಾಡಿಸಿ ತರಬೇಡಿ. ಅಲ್ಜೀರಾಗೆ ಕಣ್ಣು ಕಾಣುವುದಿಲ್ಲ. ಕಣ್ಣುಬೇನೆ ಬಂದು ಹೋದ ಮೇಲೆ ಅವಳು ಒಂದು ದಿನವೂ ಬೆಳಕು ಕಂಡಿಲ್ಲ.

ನನ್ನ ಕಸುಬು ನಿಮಗೆ ಹೊಸದಲ್ಲ. ಯಾರದೋ ಕಾಲು ವಾಸಿಯಾದರೆ ಕಾಲು, ತಲೆನೋವು ಬಿಟ್ಟರೆ ತಲೆ, ಬತ್ತಿದ ಎದೆಹಾಲು ಮತ್ತೆ ಇಳಿದರೆ ಮೊಲೆ. ಉಂಬುರಾನ ಮರದಲ್ಲಿ ನಾನು ಕೆತ್ತಿ ಕೊಡುತ್ತೇನೆ, ಅವರು ಸಂತ ಲುಜಿಯಾ ತಾಯಿಯ ಇಗರ್ಜಿಯ ಪವಾಡದ ಕೋಣೆಯಲ್ಲಿ ತೂಗುಹಾಕಿ ಹರಕೆ ತೀರಿಸುತ್ತಾರೆ. ಹೋದ ವರ್ಷ ದನ ಕಾಯುವ ಟಿಬುರ್ಸಿಯೊ ಬಂದು ಹೊಟ್ಟೆ ಮಾಡಿಸಿಕೊಂಡ. "ಸ್ವಲ್ಪ ತೆಳ್ಳಗೆ ಮಾಡು ಮಾರಾಯ, ತಾಯಿ ನೋಡಿ ನಕ್ಕುಬಿಟ್ಟಾಳು" ಎಂದ. "ಇದ್ದದ್ದು ಇದ್ದ ಹಾಗೇ ಇರ್ಲಿ, ಯಾರ ಹೊಟ್ಟೆ ಅಂತ ಅವಳಿಗೆ ಗುರುತು ಸಿಗಬೇಡ್ವ?" ಎಂದೆ. ವಾಸಿಯಾಗುವ ಮೊದಲು ಮಾತ್ರ ಉಳಿ ಮುಟ್ಟಬಾರದು ಎಂದು ನನ್ನಪ್ಪ ಹೇಳಿಕೊಟ್ಟಿದ್ದ. ಇನ್ನೂ ಬಾರದ ವರಕ್ಕೆ ಮೊದಲೇ ಕೆತ್ತಿಡುವುದು ತಾಯಿಯ ಮರ್ಯಾದೆ ತೆಗೆದ ಹಾಗೆ. ಈ ಒಂದು ಮಾತನ್ನು ನಾನು ಅದುವರೆಗೆ ತಪ್ಪಿದವನಲ್ಲ.

ಅಲ್ಜೀರಾಗೆ ಕಣ್ಣು ಬಂದರೆ ಬರಿಗಾಲಲ್ಲಿ ನಡೆದು ಬಂದು ಒಂದು ಜೊತೆ ಮರದ ಕಣ್ಣು ಕಟ್ಟುತ್ತೇನೆಂದು ಫಿಲೊಮೆನಾ ಹರಸಿಕೊಂಡಿದ್ದಳು. ಕಣ್ಣು ಬರಲಿಲ್ಲ, ಅವಳ ಹೊಟ್ಟೆಯಲ್ಲಿ ಗಡ್ಡೆ ಬಂತು. ಹಾಸಿಗೆ ಹಿಡಿದ ಮೇಲೆ ಅವಳದು ಒಂದೇ ಮಾತು. "ನಾನೇನು ತಪ್ಪು ಮಾಡಿದ್ದೆ ಅಂತ ತಾಯಿ ನನ್ನ ಮಾತು ಕೇಳ್ಲಿಲ್ಲ?" ನೋವಿಗಿಂತ ಅದೇ ಅವಳನ್ನು ಹೆಚ್ಚು ತಿನ್ನುತ್ತಿತ್ತು.

ಒಂದು ದಿನ ಬೆಳಿಗ್ಗೆ ಅಮ್ಮನಿಗೆ ಕಾಫಿ ತಂದುಕೊಟ್ಟ ಅಲ್ಜೀರಾ, "ಅಮ್ಮ, ಬಾಗಿಲ ಹತ್ರ ಏನೋ ಬೆಳ್ಳಗೆ ಕಾಣ್ತಿದೆ" ಎಂದಳು. ಆಮೇಲೆ ಅಂಗಳಕ್ಕೆ ತಡವರಿಸಿಕೊಂಡು ಬಂದು ನನ್ನ ಕಿವಿಯಲ್ಲಿ, "ಏನೂ ಕಾಣ್ತಿಲ್ಲಪ್ಪ. ಅಮ್ಮ ನೆಮ್ಮದಿಯಿಂದ ಹೋಗ್ಲಿ ಅಂತ ಹೇಳ್ದೆ. ನೀನು ಬಾಯಿ ಬಿಡಬೇಡ" ಎಂದಳು. ಮನೆಯೊಳಗೆ ಯಾವ ಮಡಕೆ ಎಲ್ಲಿದೆ, ಯಾವ ಮೊಳೆಯಲ್ಲಿ ಏನು ನೇತಾಡುತ್ತದೆ ಎಲ್ಲ ಅವಳಿಗೆ ಬಾಯಿಪಾಠ. ದಿನಕ್ಕಿಷ್ಟಿಷ್ಟು ಕಂಡಳು. "ಅಮ್ಮ, ನಿನ್ನ ಕೂದಲು ಎಷ್ಟು ಬೆಳ್ಳಗಾಗ್ಹೋಗಿದೆ!" ಎಂದಾಗ ಫಿಲೊಮೆನಾ ನಕ್ಕಳು. "ನಿಮ್ಮಪ್ಪನ ಜೊತೆ ಸಂಸಾರ ಮಾಡಿದ್ರೆ ಇನ್ನೇನಾಗುತ್ತೆ?" ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದನ್ನು ಕಂಡೆ.

ಮುಂದಿನದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಕಣ್ಣು ಬಂತೆಂದ ಮೇಲೆ ಹರಕೆ ತೀರಿಸಬೇಕಲ್ಲ! ಫಿಲೊಮೆನಾಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. "ಏಳ್ರೀ, ಕಣ್ಣು ಕೆತ್ತಿ" ಎಂದು ನನ್ನ ಜೀವ ಹಿಂಡಿದಳು. "ಹರಕೆ ಉಳಿಸ್ಕೊಂಡು ಸತ್ರೆ ನನಗೆ ಮುಕ್ತಿ ಇಲ್ಲ. ರಾತ್ರಿ ಬಂದು ನೀವು ಮಲಗೋ ಜೋಲಿ ಅಲ್ಲಾಡಿಸ್ತೀನಿ, ನೋಡ್ತಿರಿ" ಎಂದಳು. ತಮಾಷೆಯಾಗಿ ಶುರುಮಾಡಿದವಳು ಹೆದರಿ ಅತ್ತಳು. ಮಗಳ ಸುಳ್ಳು ಅವಳ ಒಂದು ಸಂಕಟ ಕಳೆದು ಅದಕ್ಕಿಂತ ದೊಡ್ಡದನ್ನು ತಂದಿತ್ತು.

ಕೆತ್ತಿದೆ ಭಾವ. ಅಪ್ಪನ ಮಾತು ಮೀರಿ ಕೆತ್ತಿದೆ. ಮಗಳು ಎಳೆಯವಳಾಗಿದ್ದಾಗ ಕಣ್ಣು ಹೇಗಿತ್ತೋ ಹಾಗೆ ನೆನಪಿನಿಂದ ತೆಗೆದೆ. ಅಲ್ಜೀರಾ ಹೆಬ್ಬೆರಳಿನಿಂದ ಸವರಿ ನೋಡಿ, "ಇಷ್ಟು ದೊಡ್ಡವಿದ್ವಾ ಅಪ್ಪ?" ಎಂದು ಕೇಳಿದಳು. ಮರದ ತುಂಡೇ ದೊಡ್ಡದಿತ್ತು ಅಂತ ಏನೋ ಹೇಳಿ ಮಾತು ತಪ್ಪಿಸಿದೆ.

ಡಿಸೆಂಬರಿನ ಲುಜಿಯಾ ಹಬ್ಬಕ್ಕೆ ಅಮ್ಮನ ಬದಲು ಮಗಳು ಬರಿಗಾಲಲ್ಲಿ ನಡೆದಳು. ಕೈ ನನ್ನ ಹೆಗಲ ಮೇಲೆ. ಜಪಮಣಿ ಹಿಡಿದು ಪ್ರಾರ್ಥನೆ ಹೇಳುವವನಂತೆ ನಾನು ಬಾಯೊಳಗೇ "ಕಲ್ಲು, ತಗ್ಗು, ಮುಳ್ಳು" ಎನ್ನುತ್ತ ಹೋದೆ. ಇಗರ್ಜಿಯ ಪವಾಡದ ಕೋಣೆ ನೋಡಿಕೊಳ್ಳುವ ಮುದುಕಿ ಸುಮ್ಮನೆ ಕಟ್ಟಿಸಿಕೊಳ್ಳುವವಳಲ್ಲ. "ಬಾಯಿಬಿಟ್ಟು ಹೇಳ್ಬೇಕು ಮಗಳೇ. ತಾಯಿ ಕೊಟ್ಟಿದ್ದನ್ನ ನಾಲ್ಕು ಜನ ಕೇಳಿಸ್ಕೊಳ್ಳಿ" ಎಂದಳು. ನಾಲ್ಕು ಜನವೇನು, ಹಬ್ಬದ ಜನವೆಲ್ಲ ಅಲ್ಲೇ ಇತ್ತು. ಅಲ್ಜೀರಾ ತಲೆಯೆತ್ತಿ, "ನನಗೆ ಕಣ್ಣಿರ್ಲಿಲ್ಲ, ಈಗ ಕಾಣುತ್ತೆ" ಎಂದಳು. ತಾಯಿಗೆ ಜಯಕಾರ ಹಾಕಿದರು, ಪಟಾಕಿ ಹಾರಿಸಿದರು. ಯಾರೋ ಹೆಂಗಸು ಇವಳ ಕೈ ಎಳೆದುಕೊಂಡು ತನ್ನ ರೆಪ್ಪೆಗಳ ಮೇಲೆ ಒತ್ತಿಕೊಂಡಳು.

ಮನೆಗೆ ಬಂದಾಗ ಫಿಲೊಮೆನಾ ಕಾಯುತ್ತಿದ್ದಳು. "ನಮ್ಮ ಕಣ್ಣು ಎಲ್ಲಿ ಕಟ್ಟಿದ್ರು?" ಎಂದಳು. "ಕಿಟಕಿ ಹತ್ರ ಅಮ್ಮ, ಗಾಳಿಗೆ ಅಲ್ಲಾಡ್ತಿರುತ್ತೆ" ಎಂದು ಅಲ್ಜೀರಾ ಹೇಳಿದಳು. ದಾರಿಯಲ್ಲಿ ನಾನೇ ಅದನ್ನು ಹೇಳಿಕೊಟ್ಟಿದ್ದೆ. ಮುಂದಿನ ವಾರ ನಿಮ್ಮ ತಂಗಿ ಕೈಯಲ್ಲಿ ಮೇಣದಬತ್ತಿ ಹಿಡಿದು ಸಮಾಧಾನವಾಗಿ ಹೋದಳು. ಇಷ್ಟರ ಮಟ್ಟಿಗೆ ನಾವು ಮಾಡಿದ್ದು ಸರಿಯೆಂದೇ ನನಗೆ ಈಗಲೂ ಅನಿಸುತ್ತದೆ.

ಆದರೆ ಜನ ಬರತೊಡಗಿದರು. ಕತ್ತೆಯ ಮೇಲೆ, ಕಾಲ್ನಡಿಗೆಯಲ್ಲಿ, ಕುರುಡು ಅತ್ತೆ, ಕುರುಡು ಮಗು, ಯಾರ್ಯಾರನ್ನೋ ಕೈಹಿಡಿದುಕೊಂಡು. ಅಲ್ಜೀರಾ ಮುಟ್ಟಬೇಕು, ಅಷ್ಟೇ. ಬೆಲ್ಲದ ಅಚ್ಚು ತರುತ್ತಾರೆ, ಕೋಳಿ ತರುತ್ತಾರೆ. ಬೇಡವೆಂದು ಹಿಂದಕ್ಕೆ ಕೊಟ್ಟರೆ ಇವಳನ್ನು ಇನ್ನೂ ದೊಡ್ಡ ಪುಣ್ಯವಂತೆ ಮಾಡುತ್ತಾರೆ. ತಡೆಯಲಾರದೆ ಒಬ್ಬನ ಹತ್ತಿರ, "ನನ್ನ ಮಗಳಿಗೆ ಕಾಣಲ್ಲ ಕಣಯ್ಯ" ಎಂದುಬಿಟ್ಟೆ. ಅವನು ಟೋಪಿ ತೆಗೆದು, "ತಾಯಿ ಕೊಟ್ಟಿದ್ದನ್ನ ಬಚ್ಚಿಟ್ಕೋಬಾರ್ದು ಯಜಮಾನ್ರೇ, ನಮ್ಮ ಮನೇಲೂ ಮಕ್ಕಳಿದ್ದಾರೆ" ಎಂದ. ನಾನು ಜಿಪುಣನಾದೆ! ಎಲ್ಲರೆದುರು ಕೂಗಿ ಹೇಳೋಣವೆಂದರೆ ಫಿಲೊಮೆನಾ ತೀರಿಸಿದ ಹರಕೆ ಸುಳ್ಳಾಗುತ್ತದೆ. ಮಣ್ಣಾದವಳನ್ನು ಮತ್ತೆ ಎಬ್ಬಿಸಲು ನನಗೆ ಧೈರ್ಯವಿಲ್ಲ.

ಹೋದ ತಿಂಗಳು ಪಿಯಾವಿ ಕಡೆಯಿಂದ ಡೊರೊತೇಯಾ ಎಂಬ ಹೆಂಗಸು ಪುಟ್ಟ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ಹುಟ್ಟುಗುರುಡು ಮಗು, ಬಲು ಮಾತಿನ ಮಲ್ಲಿ. ಅಲ್ಜೀರಾಳ ಮಡಿಲೇರಿ ಕುಳಿತು, "ಅಕ್ಕ, ಇಲ್ಲಿಗೆ ಬರೋಕೆ ಅಂತ ಅಮ್ಮ ಹೊಸ ಲಂಗ ಹೊಲಿದಿದ್ದಾಳೆ. ಯಾವ ಬಣ್ಣ ಅಂತ ನಿನ್ನನ್ನೇ ಕೇಳೋಣ ಅಂತ ಅಮ್ಮನ್ನ ಕೇಳೇ ಇಲ್ಲ. ಹೇಳು" ಎಂದಿತು. ಅಲ್ಜೀರಾ ಲಂಗದ ಅಂಚನ್ನು ಬೆರಳಲ್ಲಿ ಸವರಿದಳು. "ನೀಲಿ" ಎಂದಳು. "ಹೌದು ಕಂದ, ನೀಲಿ" ಎಂದಳು ಡೊರೊತೇಯಾ. ಮಗು ಚಪ್ಪಾಳೆ ತಟ್ಟಿತು. ನಾವು ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಅವರು ಹೊರಟುಹೋದರು.

ನಿಮ್ಮ ಪತ್ರ ಓದಿ ಹೇಳಿದಾಗ ಅಲ್ಜೀರಾ ಕಣ್ಣಿದ್ದಾಗ ಕಲಿತ ಅಕ್ಷರದಲ್ಲಿ ತಾನೇ ಬರೆಯುತ್ತೇನೆಂದು ಹಟ ಮಾಡಿ ಕಾಗದ ಇಸಿದುಕೊಂಡಳು. ಆ ಹಾಳೆ ಇದರ ಜೊತೆಗಿದೆ. ಸಾಲುಗಳು ಒಂದರ ಮೇಲೊಂದು ಹತ್ತಿವೆ. ಚೆನ್ನಾಗಿ ಬಂದಿದೆಯಾ ಎಂದು ಕೇಳಿದ್ದಕ್ಕೆ ಚೆನ್ನಾಗಿದೆ ಎಂದೆ. ನೀವೂ ಹಾಗೇ ಬರೆಯಿರಿ, ಬೇರೆಯವರಿಗೆ ಮಾತ್ರ ತೋರಿಸಬೇಡಿ.

ಎತ್ತರದ ಸಾರುವೆಯ ಮೇಲೆ ಹುಷಾರಾಗಿ ಕೆಲಸ ಮಾಡಿ. ದೇವರು ನಿಮ್ಮನ್ನು ಕಾಪಾಡಲಿ. ನಿಮ್ಮ ಧರ್ಮಪುತ್ರಿ ಆಶೀರ್ವಾದ ಬೇಡಿದ್ದಾಳೆ, ದೂರದಿಂದಲೇ ಅವಳ ತಲೆಯ ಮೇಲೆ ಕೈಯಿಡಿ.

ನಿಮ್ಮ ಭಾವಮೈದುನ,
ಒನೊರಾಟೊ

ಮರೆತ ಮಾತು: ಮರೆತದ್ದಲ್ಲ ಭಾವ, ಬರೆಯಲಾಗದೆ ಬಿಟ್ಟದ್ದು. ಆ ಮಗುವಿನ ಲಂಗ ಕೆಂಪು, ಕಡುಗೆಂಪು. "ಹೌದು, ನೀಲಿ" ಎನ್ನುವಾಗ ಡೊರೊತೇಯಾ ನನ್ನ ಮುಖ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆ. ಸುಳ್ಳು ಕಣ್ಣು ಕೆತ್ತಿದವನು ನಾನೇ, ಆದರೂ ಆ ಹೊತ್ತು ಅಲ್ಜೀರಾ ಕೆಂಪು ಎನ್ನಲಿ ಎಂದು ಕಾದಿದ್ದೆ. ಅವರು ಹೋದ ಮೇಲೆ ಅಲ್ಜೀರಾ ನನ್ನ ಹತ್ತಿರ ಬಂದಳು. "ಅಪ್ಪ, ಬಾಯಿಗೆ ಬಂದಿದ್ದು ಹೇಳ್ದೆ. ನಿಜವಾಗ್ಲೂ ನೀಲೀನಾ?" ಎಂದಳು. "ನೀಲೀನೇ ಕಣೆ" ಎಂದೆ. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಹಗ್ಗದ ಮೇಲಿನ ಬಟ್ಟೆಗಳನ್ನು ಒಂದೊಂದೇ ತೆಗೆದು ಬಿಸಿಲಿಗೆ ಹಿಡಿದು, ಕಣ್ಣು ಅಗಲಿಸಿ, ಬಣ್ಣ ಹೇಳಿ ನನ್ನನ್ನು ಕೇಳುತ್ತಾಳೆ. ನಿನ್ನೆ ಅವಳಮ್ಮನ ಕಪ್ಪು ಶಾಲು ಹಿಡಿದು "ಬಿಳಿ" ಎಂದಳು. ಹೌದು ಎಂದೆ.